ಹಾಡೋಕೆ ಬಾರದ ಮಾಸ್ತರ ಮಕ್ಕಳಿಗೆ ಶಾಸ್ತ್ರೀಯ ಸಂಗೀತ ಹೇಗೆ ಹೇಳಬೇಕು?

ಮುಧೋಳ_ಮಾಸ್ತರ:

ಎಲ್ಲರಿಗೂ ಶರಣು. ನಾನು ಮುಧೋಳ ಕಡೆ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಸಂಗೀತ ಶಿಕ್ಷಕರಿಲ್ಲ. ಸ್ಟಾಫ್ ರೂಮಿನಲ್ಲಿ ಮೊಬೈಲ್ ಹಚ್ಚಿ ಭೀಮಸೇನ ಜೋಶಿಯವರನ್ನು ಕೇಳುತ್ತ ಕೂತಿದ್ದನ್ನು ಹೆಡ್‌ಮಾಸ್ತರು ನೋಡಿದ್ದೇ ತಪ್ಪಾಯಿತು. "ವಾರಕ್ಕೊಂದು ಪಿರಿಯಡ್ ನೀವೇ ತಗೊಳ್ಳಿ, ಎಂಟು ಒಂಬತ್ತನೇ ಮಕ್ಕಳಿಗೆ ಶಾಸ್ತ್ರೀಯ ಸಂಗೀತದ ಇತಿಹಾಸ, ಶೈಲಿ ಅಂತ ಏನಾದರೂ ಹೇಳಿ" ಅಂದರು. ನನಗೆ ಸಾ ಹಚ್ಚೋಕೂ ಬರುವುದಿಲ್ಲ. ಕೇಳೋದಷ್ಟೇ ಗೊತ್ತು.

ಮೊದಲ ಕ್ಲಾಸು ಪೂರ್ತಿ ಕೆಟ್ಟಿತು. ಸಮಾಜದ ಮಾಸ್ತರ ಅಲ್ವಾ, ಬೋರ್ಡಿನ ಮೇಲೆ ಸಾಮವೇದ, ಭರತನ ನಾಟ್ಯಶಾಸ್ತ್ರ, ಮತಂಗನ ಬೃಹದ್ದೇಶಿ, 13ನೇ ಶತಮಾನದ ಸಂಗೀತ ರತ್ನಾಕರ ಅಂತ ಸಾಲಾಗಿ ಬರೆದೆ. ಕೆಳಗೆ ಘರಾನಾಗಳ, ಅಂದರೆ ಗುರುಪರಂಪರೆಯಿಂದ ಬಂದ ಹಾಡುಗಾರಿಕೆಯ ಶೈಲಿಗಳ, ಕೋಷ್ಟಕ. ಮಕ್ಕಳು ಬರೆದುಕೊಂಡರು, ಏನು ಕೊಟ್ಟರೂ ಬರೆದುಕೊಳ್ಳುತ್ತಾರೆ ಪಾಪ. ಆಮೇಲೆ ಬ್ಲೂಟೂತ್ ಸ್ಪೀಕರಿನಲ್ಲಿ ಒಂದು ವಿಲಂಬಿತ, ಅಂದರೆ ನಿಧಾನ ಗತಿಯ, ಖಯಾಲ್ ಹಾಕಿದೆ. ನಾಲ್ಕು ನಿಮಿಷ ಆಗಿರಬೇಕು, ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು ಬಹಳ ಕಾಳಜಿಯಿಂದ ಕೇಳಿದ: "ಸರ, ಇವ್ರು ಯಾಕ ಅಳಾಕತ್ತಾರ್ರಿ?" ಇಡೀ ಕ್ಲಾಸು ನಕ್ಕಿತು, ನನಗೂ ನಗು ತಡೆಯೋಕಾಗಲಿಲ್ಲ. ಅಷ್ಟರಲ್ಲಿ ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಒಂದು ಡಿಜೆ ಹಚ್ಚಿಕೊಂಡು ಹೋಯಿತು ನೋಡಿ, ನಲವತ್ತೆರಡು ಮಕ್ಕಳ ಕಾಲು ಒಟ್ಟಿಗೆ ಕುಣಿಯೋಕೆ ಶುರುವಾದವು. ನನ್ನ ಖಯಾಲ್ ಅಲ್ಲೇ ಸತ್ತಿತು.

ಇನ್ನೊಬ್ಬಳು ಹುಡುಗಿ ಕೇಳಿದ್ದು ಇನ್ನೂ ಕಷ್ಟದ್ದು. "ನಾವು ಕರ್ನಾಟಕದಾಗ ಇದ್ದೀವಿ, ಹಂಗಾರ ನಮ್ಮ ಕಡೆ ಯಾಕ ಹಿಂದೂಸ್ತಾನಿರಿ ಸರ?" ಮುಂದಿನ ವಾರ ಹೇಳ್ತೀನಿ ಅಂತ ಜಾರಿಕೊಂಡೆ.

ಎಲ್ಲಿಂದ ಶುರು ಮಾಡಲಿ? ಇತಿಹಾಸ ಎಷ್ಟು, ಕೇಳಿಸೋದು ಎಷ್ಟು? ಹದಿಮೂರು ವರ್ಷದ ಮಕ್ಕಳಿಗೆ ಘರಾನಾ ಹೇಳೋದರಲ್ಲಿ ಅರ್ಥ ಇದೆಯಾ? ದುಡ್ಡು ಇಲ್ಲ. ಇರೋದು ಒಂದು ಸ್ಪೀಕರ್, ಊರಿನ ಭಜನಾ ಮಂಡಳಿಯವರು ಕೊಡ್ತೀವಿ ಅಂದಿರೋ ಒಂದು ಹಳೆ ಪೇಟಿ (ಹಾರ್ಮೋನಿಯಂ).

ಅಥಣಿ_ತಬಲಜಿ:

ಗುರುಗಳೇ, ಆ ಹುಡುಗನಿಗೆ ಬೈದಿಲ್ಲ ತಾನೆ? ಅವನು ಕಿವಿಗೊಟ್ಟು ಕೇಳಿದ್ದಾನೆ, ಅದಕ್ಕೇ ಕೇಳಿದ. ನಕ್ಕವರು ಕೇಳಿರಲಿಲ್ಲ.

ತಪ್ಪಾಗಿದ್ದು ವಿಲಂಬಿತ ಹಾಕಿದ್ದರಲ್ಲಿ. ವಿಲಂಬಿತ ಏಕತಾಲ ಅಂದರೆ ಹನ್ನೆರಡು ಮಾತ್ರೆ, ಹನ್ನೆರಡು ಎಣಿಕೆ, ಆದರೆ ಒಂದು ಆವರ್ತನ ಸುತ್ತಿ ಮೊದಲ ಮಾತ್ರೆಗೆ, ಅಂದರೆ ಸಮ್‌ಗೆ ಬರೋಕೆ ಒಂದೊಂದು ಸಲ ಒಂದು ನಿಮಿಷವೇ ಹಿಡಿಯುತ್ತದೆ. ಹತ್ತು ವರ್ಷ ಬಾರಿಸಿದ ನಮಗೇ ಅಲ್ಲಿ ಲೆಕ್ಕ ತಪ್ಪುತ್ತದೆ. ಮಕ್ಕಳಿಗೆ ಅದರಲ್ಲಿ ಹಿಡ್ಕೊಳ್ಳೋಕೆ ಏನೂ ಸಿಗೋದಿಲ್ಲ.

ನೀವು ಟ್ರ್ಯಾಕ್ಟರನ್ನು ಶತ್ರು ಅಂದ್ಕೊಂಡಿದ್ದೀರಿ. ನಾನಾಗಿದ್ದರೆ ಅದರಿಂದಲೇ ಶುರು ಮಾಡುತ್ತಿದ್ದೆ. ಆ ಟ್ರ್ಯಾಕ್ಟರ್ ಹಾಡುಗಳಲ್ಲಿ ಮುಕ್ಕಾಲು ಭಾಗ ಎಂಟು ಮಾತ್ರೆಯ ಓಟ, ನಾವು ಕೆಹರವಾ ಅಂತೀವಿ. ಧಾ ಗೆ ನ ತಿ, ನ ಕ ಧಿ ನ. ಅವರ ಊರಿನ ಭಜನೆಯಲ್ಲೂ ಜಾಸ್ತಿ ಅದೇ. ಅವರ ಕಾಲು ಆಗಲೇ ಕೆಹರವಾ ಕಲಿತಿದೆ, ನೀವು ಹೆಸರು ಹೇಳಿದರೆ ಸಾಕು. ಆಮೇಲೆ ಎಂಟನ್ನು ಹದಿನಾರು ಮಾಡಿ. ತೀನ್‌ತಾಲ:

ಧಾ ಧಿನ್ ಧಿನ್ ಧಾ
ಧಾ ಧಿನ್ ಧಿನ್ ಧಾ
ಧಾ ತಿನ್ ತಿನ್ ತಾ
ತಾ ಧಿನ್ ಧಿನ್ ಧಾ

ಒಂದಕ್ಕೆ, ಐದಕ್ಕೆ, ಹದಿಮೂರಕ್ಕೆ ಚಪ್ಪಾಳೆ. ಒಂಬತ್ತಕ್ಕೆ ಖಾಲಿ, ಕೈ ಬೀಸಬೇಕು, ಸದ್ದಿಲ್ಲ. ಮಕ್ಕಳಿಗೆ ಈ ಖಾಲಿ ಭಾರಿ ಇಷ್ಟ, ಯಾಕಂದರೆ ಯಾರಾದರೂ ಒಬ್ಬ ತಪ್ಪಿ ಚಪ್ಪಾಳೆ ಹೊಡೆದೇ ಹೊಡೆಯುತ್ತಾನೆ, ಎಲ್ಲರೂ ಅವನ ಕಡೆ ತಿರುಗುತ್ತಾರೆ. ಮೂರನೇ ಸಾಲಿನಲ್ಲಿ ಧಿನ್ ಹೋಗಿ ತಿನ್ ಆಗೋದು ಯಾಕೆ ಅಂತ ಕೇಳಿ. ಎಡಗೈ ಡಗ್ಗಾ ಅಲ್ಲಿ ಸುಮ್ಮನಾಗುತ್ತದೆ. ಕಣ್ಣು ಮುಚ್ಚಿಕೊಂಡು ಅದನ್ನು ಕಿವಿಯಲ್ಲೇ ಹಿಡಿದರು ಅಂದರೆ ಆ ದಿನದ ಪಾಠ ಮುಗೀತು. ಇದಕ್ಕೆ ತಬಲಾ ಬೇಡ, ಬೆಂಚ್ ಸಾಕು.

ಚಪ್ಪಾಳೆ ಗಟ್ಟಿಯಾದ ಮೇಲೆ ತೀನ್‌ತಾಲದ ಒಂದು ದ್ರುತ್ ಬಂದಿಶ್, ಅಂದರೆ ವೇಗದ ಗತಿಯ ಹಾಡು, ಹಾಕಿ. ಹಾಡುವವರು ಎಲ್ಲೆಲ್ಲೋ ಸುತ್ತಾಡಿ ಸಮ್ ಮೇಲೆ ಬಂದು ಬೀಳುತ್ತಾರಲ್ಲ, ಅಲ್ಲಿ ಮಕ್ಕಳೂ ಬೀಳಬೇಕು. ಕಬಡ್ಡಿಯಲ್ಲಿ ಗೆರೆ ಮುಟ್ಟಿದ ಹಾಗೆ. ಅಳೋ ಪ್ರಶ್ನೆ ಆಮೇಲೆ ಬರೋದಿಲ್ಲ.

ಟಿಳಕವಾಡಿ_ಅಕ್ಕ:

ತಬಲಜಿ ಅಣ್ಣಾರು ಹೇಳಿದ್ದು ಸರಿ. ಆದರೆ ತಾಳದಲ್ಲೇ ನಿಂತುಬಿಡಬೇಡಿ ಸರ್, ಸ್ವರಕ್ಕೂ ಬರಬೇಕು. ಬೆಳಗಾವಿಯಲ್ಲಿ ಮನೆಯಲ್ಲೇ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ, ಅದರ ಮೇಲೆ ಹೇಳ್ತಿದ್ದೀನಿ.

ನಿಮಗೆ ಹಾಡೋಕೆ ಬಾರದಿದ್ದರೂ ಪೇಟಿ ಇದೆ ಅಂದಿರಲ್ಲ, ಅಷ್ಟು ಸಾಕು. ಪೇಟಿಯ ಕಪ್ಪು ಮನೆಗಳನ್ನು (ಕೀಗಳನ್ನು) ನೋಡಿ. ಎರಡರದ್ದೊಂದು ಗುಂಪು, ಮೂರರದ್ದೊಂದು ಗುಂಪು. ಎರಡರ ಗುಂಪಿನ ಮೊದಲನೆಯದು ಕಪ್ಪು ಒಂದು, ಹಾಗೇ ಐದರವರೆಗೆ ಎಣಿಸಿ. ಈಗ ಕಪ್ಪು ಮೂರನ್ನು ಸಾ ಅಂತ ಹಿಡಿದು ಬರೀ ಕಪ್ಪು ಮನೆಗಳ ಮೇಲೆ ಮೇಲಕ್ಕೆ ಹೋಗಿ. ಸಾ ರಿ ಗ ಪ ಧ. ಅದು ಭೂಪ ರಾಗದ ಸ್ವರ, ದಕ್ಷಿಣದವರು ಮೋಹನ ಅಂತಾರೆ. ಅದೇ ಮನೆಗಳು, ಬೇರೆ ಯಾವುದನ್ನೂ ಮುಟ್ಟಬೇಡಿ, ಕಪ್ಪು ಒಂದನ್ನು ಸಾ ಮಾಡಿ. ದುರ್ಗಾ ಬಂತು. ಕಪ್ಪು ಐದನ್ನು ಸಾ ಮಾಡಿ. ಮಾಲಕಂಸ! ಮನೆ ಐದೇ, ನಿಂತ ಜಾಗ ಬದಲಾದರೆ ಮುಖವೇ ಬದಲಾಗುತ್ತದೆ. ಗಾಳಿ ಹಾಕೋ ಭಾತೆ ಒತ್ತೋಕೆ ಒಬ್ಬ, ಮನೆ ಒತ್ತೋಕೆ ಒಬ್ಬ, ಉಳಿದವರು ಸಾ ಹಿಡಿದು ಗುಂಯ್ ಅಂತ ನಿಲ್ಲಲಿ. ನಮ್ಮ ಮಕ್ಕಳು ಮಾಲಕಂಸ ಬಂದಾಗ "ಅಕ್ಕಾರೆ, ಇದು ರಾತ್ರಿ ಆದಂಗ ಐತ್ರಿ" ಅಂದಿದ್ದರು. ರಾತ್ರಿ ರಾಗ ಅಂತ ನಾನು ಹೇಳಿರಲಿಲ್ಲ.

ಆದರೆ ಅಷ್ಟಕ್ಕೇ ರಾಗ ಅನ್ನಬೇಡಿ. ಭೂಪದ ಅದೇ ಐದು ಸ್ವರ ಇಟ್ಟುಕೊಂಡು ದೇಶಕಾರ ಅಂತ ಬೆಳಗಿನ ರಾಗ ಒಂದಿದೆ. ಭೂಪದಲ್ಲಿ ಗ ಮೇಲೆ ಒತ್ತು, ದೇಶಕಾರದಲ್ಲಿ ಧ ಮೇಲೆ. ರವೆ ಒಂದೇ, ಒಂದು ಮನೆಯಲ್ಲಿ ಉಪ್ಪಿಟ್ಟು, ಇನ್ನೊಂದು ಮನೆಯಲ್ಲಿ ಸಜ್ಜಕ ಅಂತ ನಾನು ಹೇಳುತ್ತೇನೆ. ಹೋಲಿಕೆ ಪೂರ್ತಿ ಸರಿ ಇಲ್ಲ, ಆದರೆ ಮಕ್ಕಳು ಮರೆಯೋದಿಲ್ಲ.

ಕೇಳಿಸೋಕೆ ಹಳೆಯ 78 ಆರ್‌ಪಿಎಂ ರೆಕಾರ್ಡುಗಳನ್ನು ಹುಡುಕಿ. ಒಂದು ಬದಿಗೆ ಹೆಚ್ಚೆಂದರೆ ಮೂರು, ಮೂರೂವರೆ ನಿಮಿಷ, ಅಷ್ಟರಲ್ಲೇ ದೊಡ್ಡ ದೊಡ್ಡವರು ಆಲಾಪ, ಬಂದಿಶ್, ತಾನ್ ಎಲ್ಲ ಮುಗಿಸುತ್ತಿದ್ದರು. ನಲವತ್ತು ನಿಮಿಷದ ಪಿರಿಯಡ್‌ಗೆ ಹೇಳಿ ಮಾಡಿಸಿದ ಹಾಗಿದೆ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ರೆಕಾರ್ಡ್ ಕೊಟ್ಟಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಯಾರ ಹಾಡು ಅಂತ ಲೇಬಲ್ ಹಚ್ಚುವವರಿಗೆ ಗೊತ್ತಾಗಬೇಕಲ್ಲ. ನಮ್ಮ ಮಕ್ಕಳು ಇದನ್ನು ಕೇಳಿದ ಮೇಲೆ ಒಂದು ವಾರ ಪ್ರತಿ ಹಾಡಿನ ಕೊನೆಗೂ ತಮ್ಮ ತಮ್ಮ ಹೆಸರು ಕೂಗುತ್ತಿದ್ದವು. ತಲೆನೋವು, ಆದರೆ ಇತಿಹಾಸ ಹೊಕ್ಕಿತ್ತು.

ಗಂಗೂಬಾಯಿ ಹಾನಗಲ್ ಅವರನ್ನು ಹೆಸರು ಹೇಳದೆ ಹಾಕಿ, "ಹಾಡಿದವರು ಗಂಡಸಾ ಹೆಂಗಸಾ" ಅಂತ ಕೇಳಿ. ಆಮೇಲೆ ಅವರ ಎಳೆ ವಯಸ್ಸಿನ ರೆಕಾರ್ಡ್ ಹಾಕಿ, ಅದರಲ್ಲಿ ದನಿ ತೆಳ್ಳಗೆ, ಎತ್ತರದಲ್ಲಿದೆ. ನಡುವೆ ಗಂಟಲಿನ ಟಾನ್ಸಿಲ್ ಆಪರೇಷನ್ ಆಗಿ ದನಿ ಕೆಳಗಿಳಿಯಿತು. ಬೇರೆಯವರಾಗಿದ್ದರೆ ಹಾಡು ಬಿಡುತ್ತಿದ್ದರೋ ಏನೋ, ಇವರು ಆ ದನಿಯಲ್ಲೇ ತೊಂಬತ್ತು ದಾಟುವವರೆಗೆ ಹಾಡಿದರು. ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಕಲಿಯೋಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದದ್ದನ್ನೂ ಹೇಳಿ, ನಿಮ್ಮ ಮಕ್ಕಳಲ್ಲಿ ಬಸ್ಸಿಗೆ ಬರುವವರು ಇರುತ್ತಾರಲ್ಲ.

ವಿಶಾರದ_ಪಾಸ್:

ಎಲ್ಲ ಚಂದ ಇದೆ. ಆದರೆ ಇದರಲ್ಲಿ ಶಾಸ್ತ್ರ ಎಲ್ಲಿದೆ? ನಾದ, ಶ್ರುತಿ, ಸ್ವರ, ಥಾಟ್, ವಾದಿ, ಸಂವಾದಿ, ಇವುಗಳ ವ್ಯಾಖ್ಯೆ ಮೊದಲು ಬಾಯಿಪಾಠ ಆಗಬೇಕು. ನಾವು ಪ್ರಾರಂಭಿಕ ಪರೀಕ್ಷೆಯಿಂದ ಹಾಗೇ ಕಲಿತದ್ದು. ಸಂಗೀತ ವಿದ್ವಾಂಸ ಭಾತಖಂಡೆಯವರು ರಾಗಗಳನ್ನು ವಿಂಗಡಿಸಿದ ಹತ್ತು ಥಾಟ್ ಗೊತ್ತಿಲ್ಲದೆ ಮಾಲಕಂಸ ಹೇಳಿದರೆ ಅಡಿಪಾಯ ಇಲ್ಲದ ಮನೆ. ಟ್ರ್ಯಾಕ್ಟರ್ ಹಾಡನ್ನು ಖಯಾಲ್ ಜೊತೆ ಕೂರಿಸೋದು ನನಗೆ ಹಿಡಿಸಲಿಲ್ಲ, ಕ್ಷಮಿಸಿ.

ಟಿಳಕವಾಡಿ_ಅಕ್ಕ:

ಸರ್, ನೀವು ಹೇಳೋದು ಪರೀಕ್ಷೆಗೆ ಕೂರೋ ಮಕ್ಕಳಿಗೆ ಸರಿ. ಅವರು ಹಾಡು ಕಲಿಯೋಕೆ ಅಂತಲೇ ಬಂದಿರುತ್ತಾರೆ. ಮಾಸ್ತರ ಮುಂದೆ ಇರೋ ನಲವತ್ತೆರಡು ಮಕ್ಕಳು ಬಂದಿರೋದು ಪಿರಿಯಡ್ ಇದೆ ಅಂತ. ಭಾತಖಂಡೆಯವರು ಕೂಡ ಊರೂರು ತಿರುಗಿ ಉಸ್ತಾದರ ಹಾಡು ಕೇಳಿ, ಬರೆದುಕೊಂಡು, ಆಮೇಲೆ ಥಾಟ್ ಮಾಡಿದರು. ಮೊದಲು ರಾಗ ಇತ್ತು, ಥಾಟ್ ಆಮೇಲೆ ಬಂತು. ಆ ಕ್ರಮದಲ್ಲೇ ಹೋಗೋಣ ಅಲ್ವಾ?

ತೊರವಿ_ಪಕ್ಕದವ:

ನಾನು ವಿಜಯಪುರದವನು, ಹಾಡು ನನಗೂ ಬಾರದು. ಆದರೆ ಆ ಹುಡುಗಿಯ ಪ್ರಶ್ನೆ ಇದೆಯಲ್ಲ, ಕರ್ನಾಟಕದಲ್ಲಿದ್ದು ಹಿಂದೂಸ್ತಾನಿ ಯಾಕೆ ಅಂತ, ಅದು ನಿಮ್ಮದೇ ಸಬ್ಜೆಕ್ಟು ಮಾಸ್ತರೇ. ನಕ್ಷೆ ತೂಗುಹಾಕಿ ಹೇಳಿ.

ಮೊದಲು ಉತ್ತರದ ಹಿಂದೂಸ್ತಾನಿ, ದಕ್ಷಿಣದ ಕರ್ನಾಟಕ ಸಂಗೀತ ಅಂತ ಈ ಎರಡು ಕವಲು ಇರಲೇ ಇಲ್ಲ. ನೀವು ಬೋರ್ಡ್ ಮೇಲೆ ಬರೆದ ಸಂಗೀತ ರತ್ನಾಕರ ಹುಟ್ಟಿದ್ದು ದೇವಗಿರಿಯಲ್ಲಿ, ಇವತ್ತಿನ ದೌಲತಾಬಾದ್. ಉತ್ತರದವರೂ ದಕ್ಷಿಣದವರೂ ಇಬ್ಬರೂ ಅದನ್ನು ನಮ್ಮದು ಅಂತಾರೆ. ನಮ್ಮ ಸೀಮೆ ಎರಡರ ನಡುವಿನ ಬದು.

ಆಮೇಲೆ ನಮ್ಮ ಊರಿಗೆ ಬನ್ನಿ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ, 1580ರಿಂದ 1627ರವರೆಗೆ ಆಳಿದವನು. ಗೋಲಗುಂಬಜ್ ನೋಡೋಕೆ ಬಂದವರು ಅವನ ಮಗನ ಗೋರಿ ನೋಡಿ ಕೂಗಾಡಿ ಹೋಗುತ್ತಾರೆ, ಅಪ್ಪನನ್ನು ಕೇಳುವವರೇ ಇಲ್ಲ. ಈ ಇಬ್ರಾಹಿಂ ದಖನಿ ಭಾಷೆಯಲ್ಲಿ ಕಿತಾಬ್-ಎ-ನೌರಸ್ ಅಂತ ಹಾಡಿನ ಪುಸ್ತಕ ಬರೆದ. ಅದರಲ್ಲಿ ಸರಸ್ವತಿ, ಗಣಪತಿಯ ಸ್ತುತಿ ಇದೆ, ಯಾವ ಹಾಡು ಯಾವ ರಾಗದಲ್ಲಿ ಅಂತಲೂ ಇದೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ, ಪ್ರೀತಿಯ ಆನೆಯ ಹೆಸರು ಆತಶ್‌ಖಾನ್, ಎರಡೂ ಹಾಡಿನಲ್ಲಿ ಬರುತ್ತವೆ. ಮಕ್ಕಳಿಗೆ ಇಸವಿ ಬದಲು ಈ ಹೆಸರು ಹೇಳಿ. ಜನ ಅವನನ್ನು ಜಗದ್ಗುರು ಅಂತ ಕರೆದರು. 1599ರಲ್ಲಿ ನವರಸಪುರ ಅಂತ ಹೊಸ ಊರನ್ನೇ ಕಟ್ಟಿಸೋಕೆ ಹಿಡಿದ, 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರ್ ಬಂದು ಹಾಳು ಮಾಡಿದ. ತೊರವಿ ಹತ್ತಿರ ಸಂಗೀತ ಮಹಲ್ ಅಂತ ಕರೆಯುವ ಕಟ್ಟಡ ಈಗಲೂ ನಿಂತಿದೆ. ಪ್ರವಾಸಕ್ಕೆ ಬಂದರೆ ಅಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿಸಿ, ಗುಂಬಜದ ಗದ್ದಲದಲ್ಲಿ ಬೇಡ.

ಆದರೆ ಇವತ್ತಿನ ಖಯಾಲ್ ನಮ್ಮ ಕಡೆ ಬಂದದ್ದು ಇಬ್ರಾಹಿಂನಿಂದ ಅಲ್ಲ, ಅದನ್ನು ಬೆರೆಸಬೇಡಿ. ಅದು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ, ಮಿರಜ್ ಕಡೆಯಿಂದ. ಮಿರಜ್, ಸಾಂಗಲಿ, ಕುರುಂದವಾಡ, ಜಮಖಂಡಿ ಎಲ್ಲ ಪಟವರ್ಧನ್ ಮನೆತನದ ಸಂಸ್ಥಾನಗಳು. ನಿಮ್ಮ ಮುಧೋಳ ಘೋರ್ಪಡೆಯವರದು. ಬಾಳಕೃಷ್ಣಬುವಾ ಇಚಲಕರಂಜೀಕರ ಗ್ವಾಲಿಯರ್ ಘರಾನಾದ ಹಾಡುಗಾರಿಕೆಯನ್ನು ಈ ಸೀಮೆಗೆ ತಂದರು. ಅವರ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಶುರು ಮಾಡಿದರು. ಮೇಲೆ ಒಬ್ಬರು ಪ್ರಾರಂಭಿಕ, ವಿಶಾರದ ಅಂದರಲ್ಲ, ಅದರ ಬೇರು ಅಲ್ಲಿದೆ. ಕಿರಾಣಾ ಘರಾನಾದ ಅಬ್ದುಲ್ ಕರೀಂ ಖಾನರು ಮಿರಜ್‌ನಲ್ಲಿ ನೆಲೆಸಿದರು, ಮೈಸೂರು ದರ್ಬಾರಿಗೆ ಹೋಗಿಬರುವಾಗ ಧಾರವಾಡದಲ್ಲಿ ಇಳಿಯುತ್ತಿದ್ದರು. ಕುಂದಗೋಳದ ಹುಡುಗ ಅವರಿಗೆ ಶಿಷ್ಯನಾಗಿ ಸಿಕ್ಕ, ಅವರೇ ಸವಾಯಿ ಗಂಧರ್ವ. ಜೈಪುರ-ಅತ್ರೌಲಿ ಘರಾನಾದ ಅಲ್ಲಾದಿಯಾ ಖಾನರು ಕೊಲ್ಹಾಪುರದಲ್ಲಿ. ಪುಣೆ, ಮಿರಜ್, ಬೆಳಗಾವಿ ಒಂದೇ ರೈಲು ಹಳಿ. ಇಷ್ಟು ಹತ್ತಿರ ಇದ್ದ ಮೇಲೆ ತಂಜಾವೂರಿಗೆ ಯಾಕೆ ಹೋಗ್ತಾರೆ?

ಘರಾನಾ ಹೇಳೋದಾದರೆ ಕೋಷ್ಟಕ ಬೇಡ. ಒಂದೇ ರಾಗ, ಮೂರು ಜನ, ಮೂರು ಮೂರು ನಿಮಿಷ. ಭೀಮಸೇನರು ಒಂದೊಂದೇ ಸ್ವರದ ಮೇಲೆ ನಿಂತು ಬೆಳೆಸೋದು ಕಿರಾಣಾ. ಮಲ್ಲಿಕಾರ್ಜುನ ಮನ್ಸೂರರು ಮೊದಲು ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಹತ್ತಿರ ಜೈಪುರ-ಅತ್ರೌಲಿ ಕಲಿತವರು, ಅವರು ಉಸಿರು ಬಿಡದೆ ಸುತ್ತಿ ಸುತ್ತಿ ಹೆಣೆಯುತ್ತಾರೆ. ಮೂರನೆಯವರು ಬೆಳಗಾವಿ ಪಕ್ಕದ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು, 1924ರಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ರೆಕಾರ್ಡ್ ಕೇಳಿ ದೊಡ್ಡವರ ಹಾಗೇ ಹಾಡಿ ತೋರಿಸುತ್ತಿದ್ದ ಹುಡುಗ. ಕ್ಷಯ ಬಂದು ಒಂದು ಶ್ವಾಸಕೋಶ ಹೋಯಿತು, ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿ ಮಾಳವಾ ಹೆಂಗಸರ ಜನಪದ ಕೇಳುತ್ತಿದ್ದರು. ಎದ್ದು ಬಂದಾಗ ಯಾವ ಘರಾನಾದ ಲೆಕ್ಕಕ್ಕೂ ಸಿಗಲಿಲ್ಲ. ಉಸಿರು ಕಡಿಮೆ, ಸಣ್ಣ ಸಣ್ಣ ತುಂಡಿನ ಹಾಡು. ಮನ್ಸೂರರ ಪಕ್ಕ ಇಟ್ಟು ಕೇಳಿಸಿದರೆ ಮಕ್ಕಳೇ ವ್ಯತ್ಯಾಸ ಹೇಳುತ್ತಾರೆ.

ಮತ್ತೆ ಮೊದಲು ಕನ್ನಡ ಹಾಕಿ. ಮನ್ಸೂರರ ವಚನ, ಭೀಮಸೇನರ ದಾಸರ ಪದ. ಮಾತು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಮುಧೋಳ_ಮಾಸ್ತರ:

ಎಲ್ಲರಿಗೂ ಹೃದಯದಿಂದ ಶರಣು. ಮೂರು ವಾರ ಆಯಿತು, ಹೇಳಬೇಕು ಅನ್ನಿಸಿತು.

ಬೆಂಚ್ ಮೇಲೆ ತೀನ್‌ತಾಲ ಆಯಿತು. ಪಕ್ಕದ ಕ್ಲಾಸಿನ ಗಣಿತದ ಮೇಡಂ ಎರಡು ಸಲ ಬಂದು ಹೋದರು, ಮೂರನೇ ಸಲ ಹೆಡ್‌ಮಾಸ್ತರು ಬಂದರು. ಈಗ ಗಿಡದ ಕೆಳಗೆ ಕೂರುತ್ತೇವೆ. ಖಾಲಿಗೆ ತಪ್ಪಿ ಚಪ್ಪಾಳೆ ಹೊಡೆದವನು ಮೊದಲ ದಿನ ನಾನೇ.

ಗಂಗೂಬಾಯಿಯವರ ವಿಷಯದಲ್ಲಿ ಕ್ಲಾಸು ಅರ್ಧಕ್ಕರ್ಧ ಒಡೆದು ಜಗಳ ಆಡಿತು. ತಂಬೂರಿ ಬಗ್ಗೆ ಹೇಳುವಾಗ, ಸೇತುವೆ ಮೇಲೆ ತಂತಿ ಕೆಳಗೆ ದಾರ ಇಟ್ಟು ಸರಿಸಿದರೆ ಝುಂಯ್ ಅನ್ನೋ ಗುಂಗು ಬರುತ್ತದಲ್ಲ, ಅದಕ್ಕೆ ಜವಾರಿ ಅಂತಾರೆ ಅಂದೆ. "ಜವಾರಿ ಕೋಳಿ ಇದ್ದಂಗೇನ್ರಿ ಸರ?" ಅಂದ ಒಬ್ಬ. ಏನು ಹೇಳಲಿ! ಆಮೇಲೆ ಇಡೀ ದಿನ ಯಾವ ದನಿ ಕೇಳಿದರೂ ಇದು ಜವಾರಿ, ಇದು ಫಾರಂ ಅಂತ ವಿಂಗಡಿಸುತ್ತಿದ್ದವು. ಮೊಬೈಲ್ ಆ್ಯಪಿನ ತಾನಪುರಾ ಫಾರಂ ಪಾಲಾಯಿತು. ಮಿರಜ್‌ನಲ್ಲಿ ಕುಂಬಳದ ಬುರುಡೆಯಿಂದ ತಂಬೂರಿ ಮಾಡುವವರ ಓಣಿ ಇದೆ ಅಂತ ಹೇಳಿದ್ದಕ್ಕೆ ಈಗ ಪ್ರವಾಸ ಅಲ್ಲಿಗೇ ಹೋಗಬೇಕಂತೆ.

ಅಳೋದರ ಬಗ್ಗೆ ಕೇಳಿದ್ದ ಹುಡುಗ ಇನ್ನೂ ವಿಲಂಬಿತಕ್ಕೆ ಒಪ್ಪಿಲ್ಲ. ಕುಮಾರ ಗಂಧರ್ವರು ಆಗಬಹುದು ಅಂದಿದ್ದಾನೆ.

ಒಂದು ತೊಂದರೆ. ಭಜನಾ ಮಂಡಳಿಯ ಪೇಟಿ ಬಂತು. ಆದರೆ ಕಪ್ಪು ನಾಲ್ಕು ಒತ್ತಿದರೆ ದನಿಯೇ ಇಲ್ಲ, ಬರೀ ಗಾಳಿ. ಅಕ್ಕಾರು ಹೇಳಿದ ಭೂಪಕ್ಕೆ ರಿ ಇಲ್ಲ. ಶ್ರಾವಣಕ್ಕೆ ಪೇಟಿ ವಾಪಸ್ ಬೇಕು ಅಂದಿದ್ದಾರೆ, ಕೆಡಿಸಿದ್ದು ನಾನೇ ಅಂತ ಆಗಬಾರದು.

ಅಥಣಿ_ತಬಲಜಿ:

ರೀಡಿನಲ್ಲಿ ಧೂಳು ಕೂತಿರುತ್ತದೆ ಗುರುಗಳೇ, ಹೆದರಬೇಡಿ. ಮೇಲಿನ ಮುಚ್ಚಳ ತೆಗೆದು ನೋಡುವವರು ಮಂಡಳಿಯಲ್ಲೇ ಯಾರಾದರೂ ಇರುತ್ತಾರೆ, ಅವರ ಕೈಯಲ್ಲೇ ತೆಗೆಸಿ. ತೆಳ್ಳನೆ ಕಾಗದ ಒಂದನ್ನು ಹಿತ್ತಾಳೆ ನಾಲಿಗೆ ಕೆಳಗೆ ಮೆಲ್ಲಗೆ ಆಡಿಸಿದರೆ ಸಾಕು. ಪಿನ್ನು, ಬ್ಲೇಡು ಹಾಕಬೇಡಿ, ಶ್ರುತಿ ಹೋಗುತ್ತದೆ.

ಅಲ್ಲಿವರೆಗೆ ಭೂಪವನ್ನು ಬಿಳಿ ಒಂದರಿಂದ ಹಿಡಿಯಿರಿ. ಬಿಳಿ ಒಂದು, ಎರಡು, ಮೂರು, ಐದು, ಆರು. ನಾಲ್ಕು ಮತ್ತು ಏಳು ಮುಟ್ಟಬೇಡಿ. ಕಪ್ಪಿನ ಮಾಲಕಂಸಕ್ಕೆ ಮಾತ್ರ ಕಪ್ಪು ನಾಲ್ಕೇ ನಿಷಾದ (ನಿ), ಅದು ರಿಪೇರಿ ಆದ ಮೇಲೆಯೇ.